ಬುಕ್ ಮಾಡಿದ ರೂಮ್ ನಡುರಾತ್ರಿ ಇಲ್ಲವೆಂದರೆ

ಪ್ರಶ್ನೆ: ಜಂಬೂಸವಾರಿ ನೋಡಲೆಂದು ಮೈಸೂರಿನ ಒಂದು ಹೋಟೆಲ್‌ನಲ್ಲಿ ಆ್ಯಪ್ ಮೂಲಕ ಎರಡು ರಾತ್ರಿಗೆ ₹8,400 ಕಟ್ಟಿ ರೂಮ್ ಬುಕ್ ಮಾಡಿದ್ದೆವು. ಆಫೀಸ್ ಮುಗಿಸಿಕೊಂಡು ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ತಲುಪಿದಾಗ ರಾತ್ರಿ 11.20. ಜೊತೆಗೆ 72 ವರ್ಷದ ಅತ್ತೆ, ಇಬ್ಬರು ಮಕ್ಕಳು. ‘ಆ್ಯಪ್‌ನಿಂದ ನಮಗೆ ಬುಕಿಂಗ್ ಬಂದೇ ಇಲ್ಲ, ರೂಮ್ ಫುಲ್’ ಎಂದು ಕೌಂಟರ್‌ನಲ್ಲಿದ್ದ ಹುಡುಗ ಕೈಚೆಲ್ಲಿದ. ಆ್ಯಪ್‌ನವರಿಗೆ ಫೋನ್ ಮಾಡಿದರೆ ‘ಹೋಟೆಲ್‌ನವರ ತಪ್ಪು’ ಎಂದರು. ಕೊನೆಗೆ ಶ್ರೀರಂಗಪಟ್ಟಣಕ್ಕೆ ವಾಪಸ್ ಬಂದು ಎರಡು ರಾತ್ರಿಗೆ ₹13,100 ತೆತ್ತು ಉಳಿದುಕೊಂಡೆವು. ಒಂಬತ್ತು ದಿನದ ಮೇಲೆ ₹8,400 ಮಾತ್ರ ಖಾತೆಗೆ ಬಂತು. ಮಿಕ್ಕ ಹಣ ಕೇಳಬಹುದೇ? ಆ ರಾತ್ರಿ ನಾವು ಏನು ಮಾಡಬೇಕಿತ್ತು?

ಉತ್ತರ: ಕೇಳಬಹುದು, ಕೇಳಲೇಬೇಕು. ನೀವು ಕಟ್ಟಿದ್ದನ್ನು ವಾಪಸ್ ಕೊಟ್ಟ ಮಾತ್ರಕ್ಕೆ ಅವರ ಹೊಣೆ ತೀರುವುದಿಲ್ಲ. ಕೊಟ್ಟ ಮಾತು ತಪ್ಪಿದ್ದರಿಂದ ನಿಮಗೆ ಹೆಚ್ಚಿಗೆ ಬಿದ್ದ ₹4,700, ಶ್ರೀರಂಗಪಟ್ಟಣದ ಓಡಾಟದ ಪೆಟ್ರೋಲು, ಅತ್ತೆ ಮತ್ತು ಮಕ್ಕಳು ಪಟ್ಟ ತೊಂದರೆಗೆ ಪರಿಹಾರ, ಇಷ್ಟನ್ನೂ ಕೇಳುವ ಹಕ್ಕು ನಿಮಗಿದೆ. ಎಷ್ಟು ಸಿಗುತ್ತದೆ ಎಂಬುದು ಮಾತ್ರ ಆ ರಾತ್ರಿಯ ಯಾವ ಯಾವ ಪುರಾವೆ ನಿಮ್ಮ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ.

ಹೀಗೇಕೆ ಆಗುತ್ತದೆ ಎಂದು ಮೊದಲು ಹೇಳುತ್ತೇವೆ, ಏಕೆಂದರೆ ಕೌಂಟರ್‌ನಲ್ಲಿ ಏನು ಕೇಳಬೇಕು ಎಂಬುದು ಅದರಿಂದಲೇ ಹೊಳೆಯುತ್ತದೆ. ಕೆಲವರು ಬರುವುದಿಲ್ಲ, ಕೆಲವರು ರದ್ದು ಮಾಡುತ್ತಾರೆ ಎಂಬ ಲೆಕ್ಕದಲ್ಲಿ 40 ರೂಮಿನ ಹೋಟೆಲ್ 43 ಬುಕಿಂಗ್ ಹಿಡಿಯುವುದುಂಟು. ಮಾಮೂಲಿ ದಿನಗಳಲ್ಲಿ ಈ ಲೆಕ್ಕ ಸರಿಹೋಗುತ್ತದೆ. ದಸರಾದಲ್ಲಿ ಯಾರೂ ರದ್ದು ಮಾಡುವುದಿಲ್ಲ. ಅದರ ಮೇಲೆ ಬೆಳಿಗ್ಗೆ ಖಾಲಿ ಮಾಡಬೇಕಿದ್ದ ಒಬ್ಬರು ಇನ್ನೊಂದು ದಿನ ಉಳಿಯುತ್ತಾರೆ, ಒಂದು ರೂಮಿನ ಬಾತ್‌ರೂಮ್ ಸೋರುತ್ತದೆ, ಫೋನ್‌ನಲ್ಲಿ ಕೊಟ್ಟ ರೂಮನ್ನು ಆ್ಯಪ್‌ನಲ್ಲಿ ಮುಚ್ಚಲು ಮರೆತಿರುತ್ತಾರೆ. ಮಧ್ಯಾಹ್ನದಿಂದ ಬಂದವರಿಗೆಲ್ಲ ಬಂದ ಹಾಗೆ ಕೀ ಕೊಡುತ್ತಾ ಹೋದರೆ, ಕೊರತೆ ರಾತ್ರಿ 11ಕ್ಕೆ ಬಂದವರ ತಲೆಗೆ ಸುತ್ತಿಕೊಳ್ಳುತ್ತದೆ. ಒಂದೇ ರಾತ್ರಿಯ ಬುಕಿಂಗ್, ಕಡಿಮೆ ದರದ ಆ್ಯಪ್ ಬುಕಿಂಗ್, ಮುಂಗಡ ಕಟ್ಟದ ಬುಕಿಂಗ್‌ಗಳು ಮೊದಲು ಕೈಬಿಟ್ಟುಹೋಗುತ್ತವೆ.

ಆದ್ದರಿಂದ ಕೌಂಟರ್‌ನಲ್ಲಿ ‘ಬುಕಿಂಗ್ ಬಂದಿಲ್ಲ’ ಎಂದರೆ ಅಲ್ಲಿಗೇ ಬಿಡಬೇಡಿ. ಹೆಸರಿನ ಬದಲು ಆ್ಯಪ್ ಕೊಟ್ಟ ಬುಕಿಂಗ್ ಸಂಖ್ಯೆ ಹಾಕಿ ಹುಡುಕಿಸಿ. ಗಂಡನ ಮೊಬೈಲಿನಿಂದ ಬುಕ್ ಮಾಡಿ ಹೆಂಡತಿಯ ಹೆಸರು ಹೇಳಿದರೆ ಸಿಗುವುದಿಲ್ಲ, ಕಾಗುಣಿತ ಬೇರೆಯಿದ್ದರೂ ಸಿಗುವುದಿಲ್ಲ. ಹೋಟೆಲ್‌ನ ಇಮೇಲ್‌ನಲ್ಲಿ, ಆ್ಯಪ್ ಅವರಿಗೆ ಕೊಟ್ಟಿರುವ ಮಾಲೀಕರ ಖಾತೆಯಲ್ಲಿ ನೋಡಲು ಹೇಳಿ. ರಾತ್ರಿ ಪಾಳಿಯ ಹುಡುಗನಿಗೆ ರೂಮ್ ಕೊಡಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವನ ಮೇಲೆ ರೇಗಿ ಫಲವಿಲ್ಲ. ಮ್ಯಾನೇಜರ್ ಅಥವಾ ಮಾಲೀಕರಿಗೆ ಅವನ ಫೋನ್‌ನಿಂದಲೇ ಕರೆ ಮಾಡಿಸಿ ಮಾತಾಡಿ. ರಿಪೇರಿಗೆಂದು ಮುಚ್ಚಿಟ್ಟ ರೂಮ್, ಸಿಬ್ಬಂದಿಗೆಂದು ಇಟ್ಟುಕೊಂಡ ರೂಮ್, ದೊಡ್ಡ ಸೂಟ್ ಏನಾದರೂ ಇದೆಯೇ ಎಂದು ಒಂದೊಂದಾಗಿ ಹೆಸರಿಟ್ಟು ಕೇಳಿ. ಎ.ಸಿ. ಕೆಟ್ಟ ಕಾರಣಕ್ಕೆ ಮುಚ್ಚಿದ ರೂಮ್ ಆದರೆ, ಫ್ಯಾನ್ ಇದ್ದರೆ ಸಾಕು ಎಂದು ವಯಸ್ಸಾದವರನ್ನು ಮಲಗಿಸಲು ಆ ರಾತ್ರಿಗೆ ಒಪ್ಪಿಕೊಳ್ಳಬಹುದು. ದರ ಇಳಿಸಲು ಹೇಳಿ.

ಇನ್ನೊಂದು ಮಾತನ್ನು ಮರೆಯಲೇಬೇಡಿ. ಆ್ಯಪ್‌ನಲ್ಲಿ ‘ರದ್ದು’ ಗುಂಡಿಯನ್ನು ನೀವಾಗಿ ಒತ್ತಬೇಡಿ. ‘ನೀವು ಕ್ಯಾನ್ಸಲ್ ಮಾಡಿ ಸರ್, ದುಡ್ಡು ಬರುತ್ತೆ’ ಎಂದು ಕೌಂಟರ್‌ನಲ್ಲೂ ಹೇಳುತ್ತಾರೆ, ಕಾಲ್ ಸೆಂಟರ್‌ನಲ್ಲೂ ಹೇಳುತ್ತಾರೆ. ಒತ್ತಿದ ಕ್ಷಣಕ್ಕೆ ಅದು ಗ್ರಾಹಕರು ಕೊನೆ ಗಳಿಗೆಯಲ್ಲಿ ಮಾಡಿದ ರದ್ದತಿಯಾಗಿ ದಾಖಲಾಗುತ್ತದೆ. ಷರತ್ತಿನ ಪ್ರಕಾರ ಪೂರ್ತಿ ಹಣ ಹೋಗಲೂಬಹುದು, ರೂಮ್ ನಿರಾಕರಿಸಿದರು ಎಂಬ ನಿಮ್ಮ ಮಾತಿನ ಬುಡವೇ ಅಲುಗಾಡಬಹುದು. ರದ್ದತಿಗೆಂದು ಫೋನ್‌ಗೆ ಬಂದ ಒಟಿಪಿಯನ್ನೂ ಹೇಳಬೇಡಿ. ರದ್ದು ಅವರ ಕಡೆಯಿಂದಲೇ ಆಗಲಿ.

ಇದರ ಜೋಡಿ ಅಪಾಯವೊಂದಿದೆ: ಬೆಳಗಾಗುವಷ್ಟರಲ್ಲಿ ಹೋಟೆಲ್‌ನವರು ನಿಮ್ಮನ್ನು ‘ಬರಲೇ ಇಲ್ಲ’ ಎಂದು ಗುರುತು ಹಾಕಿಬಿಡಬಹುದು. ಅದಕ್ಕೇ ನೀವು ಬಂದಿದ್ದಿರಿ ಎಂಬುದಕ್ಕೆ ಅಲ್ಲೇ ನಿಂತು ದಾಖಲೆ ಮಾಡಿಕೊಳ್ಳಬೇಕು. ಬುಕಿಂಗ್ ಚೀಟಿಯ ಪ್ರಿಂಟ್ ಮೇಲೆ ‘ರೂಮ್ ಲಭ್ಯವಿಲ್ಲ’ ಎಂದು ಬರೆಸಿ, ವೇಳೆ ಹಾಕಿಸಿ, ಸಹಿ-ಸೀಲು ತೆಗೆದುಕೊಳ್ಳಿ. ಕೊಡದಿದ್ದರೆ ಹೋಟೆಲ್‌ನ ಹೆಸರು ಕಾಣುವ ಹಾಗೆ ಕೌಂಟರ್‌ನ ಫೋಟೊ ತೆಗೆಯಿರಿ, ಅಲ್ಲಿಂದಲೇ ಹೋಟೆಲ್‌ಗೂ ಆ್ಯಪ್‌ಗೂ ಒಂದೇ ಇಮೇಲ್ ಕಳಿಸಿ. ಇಷ್ಟು ಸಾಕು:

‘ಬುಕಿಂಗ್ ಸಂಖ್ಯೆ ಇಂಥದ್ದು. ರಾತ್ರಿ 11.20ರಿಂದ ನಿಮ್ಮ ಹೋಟೆಲ್‌ನ ಕೌಂಟರ್‌ನಲ್ಲಿ ಇದ್ದೇವೆ. ಹಣ ಪೂರ್ತಿ ಕಟ್ಟಿದೆ. ರೂಮ್ ಇಲ್ಲ ಎಂದು ಹೇಳಿದ್ದೀರಿ. ನಾವು ಬುಕಿಂಗ್ ರದ್ದು ಮಾಡಿಲ್ಲ. ಅರ್ಧ ಗಂಟೆಯಲ್ಲಿ ಇದೇ ದರ್ಜೆಯ ಬದಲಿ ರೂಮ್ ಕೊಡದಿದ್ದರೆ ನಾವೇ ಬೇರೆ ಕಡೆ ಉಳಿದು ಹೆಚ್ಚುವರಿ ಖರ್ಚನ್ನು ನಿಮ್ಮಿಂದ ಪಡೆಯುತ್ತೇವೆ.’

ನೀವು ಆ ರಾತ್ರಿ ಇದನ್ನು ಮಾಡದಿದ್ದರೂ ಪುರಾವೆ ಪೂರ್ತಿ ಕೈತಪ್ಪಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಂದಿದ್ದರೆ ಗಣಂಗೂರು ಟೋಲ್ ದಾಟಿದಾಗ ಫಾಸ್ಟ್ಯಾಗ್ ಹಣ ಕಡಿತದ ಎಸ್ಸೆಮ್ಮೆಸ್ ನಿಮಿಷ ಸಮೇತ ಬಂದಿರುತ್ತದೆ. ಆ್ಯಪ್‌ಗೆ ಮಾಡಿದ ಕರೆಯ ವೇಳೆ ಫೋನ್‌ನಲ್ಲಿದೆ. ಶ್ರೀರಂಗಪಟ್ಟಣದ ಬಿಲ್‌ನಲ್ಲಿ ಚೆಕ್-ಇನ್ ವೇಳೆ ಇದೆ. ಮೂರನ್ನೂ ಒಂದರ ಕೆಳಗೊಂದು ಇಟ್ಟರೆ ಆ ರಾತ್ರಿಯ ಕಥೆಯನ್ನು ಅವೇ ಹೇಳುತ್ತವೆ. ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡಿ, ಫೋನ್‌ನ ಕರೆಪಟ್ಟಿ ಬಹಳ ದಿನ ಉಳಿಯುವುದಿಲ್ಲ.

ಬದಲಿ ರೂಮ್ ಹುಡುಕುವಾಗಲೂ ಒಂದು ಎಚ್ಚರ ಬೇಕು. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಮಾತು ತಪ್ಪಿದವರಿಂದ ನಷ್ಟ ಕೊಡಿಸುತ್ತದೆ, ಆದರೆ ನಷ್ಟ ತಗ್ಗಿಸಲು ನಿಮ್ಮ ಮುಂದೆ ಯಾವ ದಾರಿ ಇತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ₹4,200ರ ರೂಮಿನ ಬದಲು ₹18,000ದ ರೆಸಾರ್ಟ್‌ಗೆ ಹೋದರೆ ವ್ಯತ್ಯಾಸ ಪೂರ್ತಿ ಸಿಗಲಾರದು. ಆ ಹೊತ್ತಿನಲ್ಲಿ ಸುತ್ತಮುತ್ತ ಯಾವ ರೂಮ್ ಯಾವ ದರಕ್ಕಿತ್ತು ಎಂಬ ಹುಡುಕಾಟದ ಪುಟದ ಸ್ಕ್ರೀನ್‌ಶಾಟ್ ಬಹಳ ಬೆಲೆಬಾಳುತ್ತದೆ. ಬಹುತೇಕ ಮಂದಿ ಬಿಟ್ಟುಬಿಡುವುದು ಇದನ್ನೇ. ಮೈಸೂರು ತುಂಬಿದ ದಿನ ಶ್ರೀರಂಗಪಟ್ಟಣ, ನಂಜನಗೂಡು, ಮಂಡ್ಯದ ಕಡೆ ನೋಡುವುದು ಸರಿಯಾದ ದಾರಿ. ನೀವು ಮಾಡಿದ್ದೂ ಅದನ್ನೇ. ರೈಲಿನಲ್ಲಿ ಬಂದವರು ಖಚಿತ ಟಿಕೆಟ್‌ನ ಪಿಎನ್‌ಆರ್ ಹಾಕಿ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನೂ ನೋಡಬಹುದು. ಯಾರಾದರೂ ಬೆದರಿಸಿದರೆ, ತಳ್ಳಿದರೆ 112ಕ್ಕೆ ಕರೆ ಮಾಡಿ. ಆದರೆ ಪೊಲೀಸರು ರೂಮ್ ಕೊಡಿಸಲಾರರು.

ಇನ್ನು ಹಣ ಪಡೆಯುವ ದಾರಿ. ವಿಮಾನದಲ್ಲಾದರೆ ನಮ್ಮ ದೇಶದಲ್ಲಿ ದರಪಟ್ಟಿಯೇ ಇದೆ: ಖಚಿತ ಟಿಕೆಟ್ ಇದ್ದೂ ಹತ್ತಿಸಿಕೊಳ್ಳದೆ, 24 ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಟ್ಟರೆ ಒಂದು ದಾರಿಯ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ ₹10,000, ಅದಕ್ಕಿಂತ ತಡವಾದರೆ ನಾಲ್ಕು ಪಟ್ಟು, ಗರಿಷ್ಠ ₹20,000. ಬದಲಿ ವಿಮಾನ ಒಂದು ಗಂಟೆಯೊಳಗೇ ಹೊರಟರೆ ಪರಿಹಾರವಿಲ್ಲ. ಹೋಟೆಲ್‌ಗಳಿಗೆ ಇಂಥ ಪಟ್ಟಿ ಇಲ್ಲ. ಹಾಗಾಗಿ ಇಲ್ಲಿ ಲೆಕ್ಕವನ್ನು ನೀವೇ ಬಿಲ್ಲು ಸಮೇತ ಮುಂದಿಡಬೇಕು.

ಮೊದಲು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ 48 ಗಂಟೆಯಲ್ಲಿ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ ಕೆಲಸ ಮಾಡುವುದರಿಂದ ನಡುರಾತ್ರಿಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಅವರು ಆದೇಶ ಕೊಡಲಾರರು, ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುತ್ತಾರೆ. ಇಷ್ಟು ಸಣ್ಣ ಮೊತ್ತದ ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಹೋಟೆಲ್ ಮತ್ತು ಆ್ಯಪ್ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ 15 ದಿನದ ಗಡುವಿನ ನೋಟಿಸ್ ಕಳಿಸಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಊರಲ್ಲೇ ದೂರು ಕೊಡಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ಸೇವೆಗೆ ತೆತ್ತ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆಯಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಇಬ್ಬರನ್ನೂ ಎದುರುದಾರರನ್ನಾಗಿ ಮಾಡುವುದು ಮುಖ್ಯ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಪರಿಹಾರದ ಮೊತ್ತವನ್ನು ಲಕ್ಷಗಟ್ಟಲೆ ಹೇರಬೇಡಿ. ಬಿಲ್ಲಿನ ವ್ಯತ್ಯಾಸ, ಪೆಟ್ರೋಲು, ತೊಂದರೆಗೆ ಹಿತಮಿತವಾದ ಮೊತ್ತ, ದೂರಿನ ಖರ್ಚು ಎಂದು ಬಿಡಿಬಿಡಿಯಾಗಿ ಬರೆದರೆ ಆಯೋಗಕ್ಕೆ ಒಪ್ಪಿಕೊಳ್ಳಲು ಸುಲಭ. ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ₹500ರ ಕೂಪನ್ ಆಸೆಗೆ ಒಪ್ಪಿಗೆ ಕೊಡಬೇಡಿ.

(ನಿಮಗೆ ಹಣ ವಾಪಸಾಗಿದೆ. ಆಗದವರು ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ‘ಸೇವೆ ಸಿಕ್ಕಿಲ್ಲ’ ಎಂದು ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಕೇಳುವ) ಅರ್ಜಿ ಕೊಡಬಹುದು. ತಿಂಗಳುಗಟ್ಟಲೆ ಕಾಯದೆ ಬೇಗ ಕೊಡಿ.)

ಪ್ರಶ್ನೆ: ನಾನು ‘ಹೋಟೆಲ್‌ನಲ್ಲೇ ಪಾವತಿ’ ಎಂದು ಬುಕ್ ಮಾಡಿದ್ದೆ. ರಾತ್ರಿ 10ಕ್ಕೆ ಹೋದಾಗ ರೂಮ್ ಬೇರೆಯವರಿಗೆ ಕೊಟ್ಟಿದ್ದರು. ‘ದುಡ್ಡೇ ಕಟ್ಟಿಲ್ಲ, ಏನು ಕೇಳ್ತೀರಿ’ ಎನ್ನುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಎಂದರೆ ಹಣ ಕೊಟ್ಟವರು ಮಾತ್ರವಲ್ಲ, ಕೊಡುವುದಾಗಿ ಒಪ್ಪಿ ಸೇವೆ ಪಡೆಯುವವರೂ ಹೌದು. ಆದರೆ ಒಂದನ್ನು ನೋಡಿಕೊಳ್ಳಿ: ಮುಂಗಡವಿಲ್ಲದ ರೂಮನ್ನು ಸಂಜೆ 6ರವರೆಗೆ ಮಾತ್ರ ಹಿಡಿದಿಡುವ ಪದ್ಧತಿ ಹೋಟೆಲ್‌ಗಳಲ್ಲಿ ಹಳೆಯದು. ನಿಮ್ಮ ಬುಕಿಂಗ್ ಚೀಟಿಯ ಷರತ್ತಿನಲ್ಲಿ ಅದು ಬರೆದಿದ್ದರೆ, ತಡವಾಗುವುದನ್ನು ನೀವು ತಿಳಿಸದೆ ಇದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಬರೆದಿಲ್ಲವಾದರೆ ಗಟ್ಟಿಯಾಗಿ ಕೇಳಿ.

ಮುಂದಿನ ಸಲ ಹೊರಡುವ ದಿನ ಸಂಜೆ 4ರ ಹೊತ್ತಿಗೆ ಹೋಟೆಲ್‌ಗೇ ಫೋನ್ ಮಾಡಿ. ‘ಬುಕಿಂಗ್ ಇದೆಯಾ’ ಎಂದು ಕೇಳಿದರೆ ‘ಇದೆ, ಬನ್ನಿ’ ಎಂದುಬಿಡುತ್ತಾರೆ. ‘ನನ್ನ ಹೆಸರಿಗೆ ರೂಮ್ ನಂಬರ್ ಹಾಕಿದ್ದೀರಾ? ನಿಮ್ಮ ಹೋಟೆಲ್‌ನ ಕನ್ಫರ್ಮೇಶನ್ ನಂಬರ್ ಏನು?’ ಎಂದು ಕೇಳಿ. ಆ್ಯಪ್ ಕೊಡುವ ಸಂಖ್ಯೆ ಬೇರೆ, ಹೋಟೆಲ್ ತನ್ನ ದಾಖಲೆಯಲ್ಲಿ ಕೊಡುವ ಸಂಖ್ಯೆ ಬೇರೆ. ಎರಡನೆಯದು ಕೈಗೆ ಬಂದರೆ ಬುಕಿಂಗ್ ಅವರ ಪುಸ್ತಕ ಸೇರಿದೆ ಎಂದರ್ಥ. ಆಮೇಲೆ ‘ರಾತ್ರಿ 11ಕ್ಕೆ ಬರುತ್ತೇವೆ, ರೂಮ್ ಬಿಡಬೇಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಒಪ್ಪಿಗೆ ತರಿಸಿಕೊಳ್ಳಿ. ಫೋನ್ ನಂಬರನ್ನು ಹೋಟೆಲ್‌ನ ಸ್ವಂತ ವೆಬ್‌ಸೈಟ್ ಅಥವಾ ಬುಕಿಂಗ್ ಚೀಟಿಯಿಂದಲೇ ತೆಗೆದುಕೊಳ್ಳಿ. ಹುಡುಕಿದಾಗ ಮೊದಲು ಸಿಗುವ ‘ಕಸ್ಟಮರ್ ಕೇರ್’ ನಂಬರ್‌ಗಳಲ್ಲಿ ವಂಚಕರದ್ದೂ ಇರುತ್ತವೆ.

ಪ್ರಶ್ನೆ: ಚಿಕ್ಕಮಗಳೂರು ಬಳಿ ನಮ್ಮದು ಐದು ರೂಮಿನ ಹೋಮ್‌ಸ್ಟೇ. ಮೂರು ಆ್ಯಪ್‌ಗಳಲ್ಲಿದ್ದೇವೆ, ಫೋನ್ ಬುಕಿಂಗನ್ನೂ ತೆಗೆದುಕೊಳ್ಳುತ್ತೇವೆ. ಕಳೆದ ಉದ್ದನೆಯ ವಾರಾಂತ್ಯದಲ್ಲಿ ಒಂದೇ ರೂಮ್ ಇಬ್ಬರಿಗೆ ಹೋಗಿ, ರಾತ್ರಿ ಬಂದ ಕುಟುಂಬವನ್ನು ವಾಪಸ್ ಕಳಿಸುವ ಹಾಗಾಯಿತು. ಇನ್ನೊಮ್ಮೆ ಹೀಗಾಗಬಾರದು. ದಾರಿ ತಿಳಿಸಿ.

ಉತ್ತರ: ಫೋನ್ ಬುಕಿಂಗನ್ನು ಡೈರಿಯಲ್ಲಿ ಬರೆದಿಟ್ಟು ಆ್ಯಪ್‌ನಲ್ಲಿ ಮುಚ್ಚದೆ ಬಿಡುವುದೇ ಸಣ್ಣ ಹೋಮ್‌ಸ್ಟೇಗಳಲ್ಲಿ ಪದೇ ಪದೇ ಆಗುವ ತಪ್ಪು. ಆ್ಯಪ್‌ಗಳ ಕ್ಯಾಲೆಂಡರನ್ನು ಐಕ್ಯಾಲ್ ಕೊಂಡಿಯಿಂದ (ಒಂದು ಆ್ಯಪ್‌ನ ಬುಕಿಂಗ್ ದಿನಗಳನ್ನು ಇನ್ನೊಂದಕ್ಕೆ ತೋರಿಸುವ ಲಿಂಕ್) ಜೋಡಿಸಿದ್ದರೆ ಅದು ಕ್ಷಣಕ್ಷಣಕ್ಕೆ ಹೊಸದಾಗುವುದಿಲ್ಲ, ನಡುವೆ ಕೆಲವು ಗಂಟೆ ಹಿಡಿಯಬಹುದು. ಆ ಗಂಟೆಗಳಲ್ಲೇ ಎರಡನೇ ಬುಕಿಂಗ್ ನುಸುಳುತ್ತದೆ. ಎಲ್ಲ ಆ್ಯಪ್‌ಗಳ ರೂಮ್ ಲೆಕ್ಕವನ್ನು ಒಂದೇ ಕಡೆಯಿಂದ ಸರಿಪಡಿಸುವ ‘ಚಾನೆಲ್ ಮ್ಯಾನೇಜರ್’ ತಂತ್ರಾಂಶ ಹಾಕಿಸಿದರೆ ಈ ಕಿಂಡಿ ಬಹಳ ಸಣ್ಣದಾಗುತ್ತದೆ. ಅದು ದುಬಾರಿ ಎನಿಸಿದರೆ ಒಂದು ಸರಳ ಶಿಸ್ತು ಸಾಕು: ನಾಲ್ಕು ರೂಮ್ ತುಂಬಿದ ಕೂಡಲೇ ಐದನೆಯದನ್ನು ಎರಡು ಆ್ಯಪ್‌ಗಳಲ್ಲಿ ಮುಚ್ಚಿ ಒಂದರಲ್ಲಿ ಮಾತ್ರ ತೆರೆದಿಡಿ. ತೋಟದಲ್ಲಿ ನೆಟ್‌ವರ್ಕ್ ಕೈಕೊಡುವ ಮಳೆಗಾಲದಲ್ಲಿ ಅದನ್ನೂ ಮುಚ್ಚಿ, ಫೋನ್‌ಗಷ್ಟೇ ಇಟ್ಟುಕೊಳ್ಳಿ.

ಆದರೂ ತಪ್ಪಾಯಿತು ಎನ್ನಿ. ಯಾರನ್ನು ಬೇರೆಡೆಗೆ ಕಳಿಸಬೇಕು ಎಂಬುದನ್ನು ಮಧ್ಯಾಹ್ನವೇ ನೀವು ತೀರ್ಮಾನಿಸಬೇಕು, ರಾತ್ರಿ ಕೊನೆಗೆ ಬಂದವರು ಯಾರೋ ಅವರ ಪಾಲಿಗೆ ಬಿಡಬಾರದು. ವಯಸ್ಸಾದವರು, ಚಿಕ್ಕ ಮಕ್ಕಳಿರುವವರು, ಒಂಟಿಯಾಗಿ ಬರುವ ಹೆಣ್ಣುಮಕ್ಕಳನ್ನು ಮುಟ್ಟಬೇಡಿ. ಸ್ವಂತ ವಾಹನದಲ್ಲಿ ಒಂದೇ ರಾತ್ರಿಗೆ ಬರುವವರನ್ನು ಆರಿಸಿ, ಅವರು ಬೆಂಗಳೂರು ಬಿಡುವ ಮೊದಲೇ ಫೋನ್ ಮಾಡಿ ಸತ್ಯ ಹೇಳಿ. ಹಾಸನ, ಬೇಲೂರು ದಾಟುವ ಮುಂಚೆ ಗೊತ್ತಾದರೂ ಅವರಿಗೆ ಆಯ್ಕೆ ಇರುತ್ತದೆ. ಗುಡ್ಡ ಹತ್ತಿ ಬಂದ ಮೇಲೆ ಇರುವುದಿಲ್ಲ.

ಅಕ್ಕಪಕ್ಕದ ಎರಡು ಹೋಮ್‌ಸ್ಟೇಗಳ ಜೊತೆ ಸೀಸನ್ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ: ಯಾವ ದರ್ಜೆಯ ರೂಮ್, ಎಷ್ಟು ದರ, ರಾತ್ರಿ ಎಷ್ಟು ಹೊತ್ತಿನವರೆಗೆ ಊಟ ಸಿಗುತ್ತದೆ. ದರದ ವ್ಯತ್ಯಾಸ ನೀವೇ ಕೊಡಿ. ಆ್ಯಪ್‌ಗೆ ‘ಅತಿಥಿ ಬರಲಿಲ್ಲ’ ಎಂದು ಹಾಕದೆ, ನಮ್ಮ ಕಡೆಯಿಂದ ಸ್ಥಳ ಬದಲಿಸಿದ್ದೇವೆ ಎಂದು ಅವತ್ತೇ ತಿಳಿಸಿ. ರಾತ್ರಿಯಾಗಿದ್ದರೆ ಲೊಕೇಶನ್ ಕಳಿಸಿ ಕೈತೊಳೆದುಕೊಳ್ಳಬೇಡಿ, ಕಾಫಿ ತೋಟದ ದಾರಿಯಲ್ಲಿ ಮ್ಯಾಪ್ ನಿಂತುಹೋಗುತ್ತದೆ. ನಿಮ್ಮ ಮನೆಯ ಒಬ್ಬರು ಬೈಕಿನಲ್ಲಿ ಮುಂದೆ ಹೋಗಿ, ಅವರ ಕಾರು ಆ ಮನೆಯ ಅಂಗಳ ಸೇರುವವರೆಗೆ ದಾರಿ ತೋರಿಸಲಿ.