ಪುಟ್ಟ ಪುಟ್ಟ ದಿನಗಳನ್ನೂ ಆಚರಿಸಬೇಕಾ?

ಪ್ರಶ್ನೆ: ಮಕ್ಕಳು ಮೊಬೈಲ್ ನೋಡಿ ಇವತ್ತು ಕಾಫಿ ದಿನ, ನಾಳೆ ಜೇನುನೊಣದ ದಿನ ಅನ್ನುತ್ತಾರೆ. ಇವನ್ನೆಲ್ಲ ಮನೆಯಲ್ಲಿ ಆಚರಿಸಬೇಕಾ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಎಲ್ಲವೂ ಬೇಡ. ನಿಮ್ಮ ಕಾಫಿ ತೋಟಕ್ಕೆ ಸಂಬಂಧಪಟ್ಟದ್ದನ್ನು ಖಂಡಿತ ಆಚರಿಸಿ. ಮೇ 20 ವಿಶ್ವ ಜೇನುನೊಣ ದಿನ. ಸ್ಲೊವೇನಿಯಾದ ಜೇನು ಸಾಕಣೆಗಾರ ಆಂಟನ್ ಯಾನ್ಷಾ ಅವರ ಹುಟ್ಟುಹಬ್ಬ ಅದು, ವಿಶ್ವಸಂಸ್ಥೆ 2017ರಲ್ಲಿ ಘೋಷಿಸಿತು. ದೂರದ ಕಥೆ ಅನಿಸಬಹುದು, ಆದರೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ರೊಬಸ್ಟಾ ತಳಿಯ ಕಾಫಿ ಬೆಳ್ಳಗೆ ಅರಳಿದಾಗ ಆ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು, ಅಲ್ವಾ? ಮೇ 20ರಂದು ಮಕ್ಕಳನ್ನು ಸುಮ್ನೆ ಜೇನುಪೆಟ್ಟಿಗೆ ಇರುವಲ್ಲಿಗೆ ಕರೆದುಕೊಂಡು ಹೋಗಿ. ಅಕ್ಟೋಬರ್ 1 ಅಂತರರಾಷ್ಟ್ರೀಯ ಕಾಫಿ ದಿನ. ತೋಟದ ಕೆಲಸದವರ ಜೊತೆ ಕೂತು ಬೆಲ್ಲದ ಕಾಫಿ ಕುಡಿಯಿರಿ.

ನಮ್ಮದೇ ಕಕ್ಕಡ ಪದಿನೆಟ್ಟ್, ಅಂದರೆ ಕೊಡಗಿನ ಕಕ್ಕಡ ತಿಂಗಳ 18ನೇ ದಿನ, ಅದನ್ನು ಮಾತ್ರ ಬಿಡಲೇಬೇಡಿ. ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಅವತ್ತು ಮದ್ದು ಸೊಪ್ಪಿಗೆ 18 ಬಗೆಯ ಮದ್ದಿನ ಗುಣ ಸೇರಿರುತ್ತದೆ ಅಂತ ಹಿರಿಯರ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡಿ. ಆ ಬಣ್ಣ ನೋಡಿದರೆ ಸಾಕು, ಮಕ್ಕಳು ಮೊಬೈಲ್ ಬಿಟ್ಟು ಓಡಿ ಬರುತ್ತಾರೆ.