ಅಜ್ಜಿಯನ್ನು ಕಾರು ಹತ್ತಲು ಬಿಡದ ಹುಡುಗ

ಈ ವಾರ ಬಂದ ಪತ್ರಗಳಲ್ಲಿ ಮಂಡ್ಯದ ಶಿಕ್ಷಕಿಯೊಬ್ಬರ ಪತ್ರವನ್ನು ಓದಿ ಮೊದಲು ಸಿಟ್ಟು ಬಂತು, ಆಮೇಲೆ ಸಂಕಟವಾಯಿತು. ಉಳಿದವರು ಒಂದು ವಾರ ಕಾಯಬೇಕು. ಇವತ್ತಿನ ಅಂಕಣವೆಲ್ಲ ಇವರಿಗೇ.

ಅವರು ಬರೆದದ್ದು ಇಷ್ಟು. ಮದುವೆಯಾದ ಹೊಸತರಲ್ಲಿ, 11 ವರ್ಷಗಳ ಹಿಂದೆ, ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ನಿಂತಿದ್ದ ಕಬ್ಬಿನ ಲಾರಿಯ ಅಡಿಯಿಂದ ಗಂಡ ಹೆಂಡತಿ ಒಂದು ನಾಯಿಮರಿಯನ್ನು ಎತ್ತಿಕೊಂಡು ಬಂದರು. ಮೈತುಂಬ ಕಜ್ಜಿ, ಒಂದು ಹಿಂಗಾಲು ಊನ. ಜಿಮ್ಮಿ ಎಂದು ಹೆಸರಿಟ್ಟರು. ಎರಡು ವರ್ಷಕ್ಕೆ ಮಗ ಹುಟ್ಟಿದ. ಹುಡುಗ ನಡೆಯಲು ಕಲಿತದ್ದು ಜಿಮ್ಮಿಯ ಬೆನ್ನು ಹಿಡಿದುಕೊಂಡು. ಕಳೆದ ಬೇಸಿಗೆಯಲ್ಲಿ ಜಿಮ್ಮಿ ವಿಪರೀತ ನೀರು ಕುಡಿಯತೊಡಗಿದ. ಸೆಕೆಗೆ ಇರಬೇಕು ಎಂದುಕೊಂಡರು. ಮಳೆಗಾಲಕ್ಕೆ ಊಟ ಬಿಟ್ಟ, ವಾಂತಿ ಶುರುವಾಯಿತು, ಬಾಯಿ ಹುಣ್ಣಾಯಿತು. ಮೈಸೂರಿನ ಪಶುವೈದ್ಯರು ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡಗಳು ಕೈಕೊಟ್ಟಿವೆ ಎಂದರು. ಡ್ರಿಪ್ ಹಾಕಿಸಿದರು, ಔಷಧಿ ಕೊಡಿಸಿದರು, ಏನೂ ನಾಟಲಿಲ್ಲ. ಕೊನೆಗೊಂದು ಬೆಳಿಗ್ಗೆ ಜಿಮ್ಮಿಯನ್ನು ಹೊದಿಕೆಯಲ್ಲಿ ಸುತ್ತಿ ಕಾರಿನಲ್ಲಿ ಮಲಗಿಸಿದರು. ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇವೆ ಎಂದು ಮಗನಿಗೆ ಹೇಳಿದರು. ಅವನು ಗೇಟಿನಲ್ಲಿ ನಿಂತು ಕೈ ಬೀಸಿದ. ಅಲ್ಲಿ ದಯಾಮರಣದ ಚುಚ್ಚುಮದ್ದು ಕೊಡಿಸಿದರು. ಗಂಡ ಅದೇ ರಾತ್ರಿ ಸ್ನೇಹಿತರ ತೆಂಗಿನ ತೋಟದಲ್ಲಿ ಗುಂಡಿ ತೋಡಿ ಹೂಳಿದರು.

ಮಗನಿಗೆ ಏನು ಹೇಳುವುದು? ಇಲ್ಲಿ ಭಾವನವರು ಬರುತ್ತಾರೆ. ಚಿಕ್ಕ ಹುಡುಗನ ಮುಂದೆ ಸಾವಿನ ಮಾತು ಬೇಡ, ಪಾಂಡವಪುರದ ನನ್ನ ತೋಟದಲ್ಲಿ ಬಿಟ್ಟಿದ್ದೇವೆ ಎಂದುಬಿಡಿ ಎಂದರು. ಹೇಳಿದ್ದಷ್ಟೇ ಅಲ್ಲ, ಫೋನಿನಲ್ಲಿ ಹುಡುಗನ ಜೊತೆ ಮಾತನಾಡಿದಾಗಲೆಲ್ಲ ‘ಜಿಮ್ಮಿ ಚೆನ್ನಾಗಿದ್ದಾನೆ, ದಪ್ಪಗಾಗಿದ್ದಾನೆ’ ಎನ್ನುತ್ತಲೇ ಬಂದರು. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರೆ ‘ಒಂದು ಬೀದಿ ನಾಯಿಗೆ ಇಷ್ಟೊಂದೇ’ ಎಂದರು.

ಈಗ ಮೂರು ತಿಂಗಳಾಗಿದೆ. ಪತ್ರದ ಪ್ರಶ್ನೆಗಳು ಎರಡು. ನಾನೇ ಅವನನ್ನು ಕೊಂದೆನೇ? ಮೈಸೂರಿನಲ್ಲಿ ನಾಯಿಗಳನ್ನು ರಕ್ಷಿಸುವ ಯುವತಿಯೊಬ್ಬಳು ಫೋನ್ ಮಾಡಿದ್ದಾಳೆ. ಯಜಮಾನ ತೀರಿಕೊಂಡ ಮೇಲೆ ಮನೆಯವರು ಬೀದಿಗೆ ಬಿಟ್ಟ, ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ, ಆರು ವರ್ಷದ ಹೆಣ್ಣು ನಾಯಿಯೊಂದು ಅವಳ ಬಳಿ ಇದೆ. ಅದನ್ನು ತಂದುಕೊಳ್ಳಲೇ, ಅಥವಾ ಜಿಮ್ಮಿಗೆ ದ್ರೋಹವಾಗುತ್ತದೆಯೇ?

ತಂಗಿ, ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಹುಡುಗನ ಹಠದ ಬಗ್ಗೆ ದೂರುತ್ತಾ, ಎರಡು ಸಾಲು ಬರೆದಿದ್ದೀರಿ: ‘ಮೊದಮೊದಲು ತೋಟಕ್ಕೆ ಯಾವಾಗ ಹೋಗೋಣ ಎಂದು ಪೀಡಿಸುತ್ತಿದ್ದ, ಈಗ ಕೇಳುವುದನ್ನು ಬಿಟ್ಟಿದ್ದಾನೆ, ಅಷ್ಟರಮಟ್ಟಿಗೆ ನಿರಾಳ. ಆದರೆ ನಮ್ಮ ಅತ್ತೆಯವರನ್ನು ಮೈಸೂರಿಗೆ ಹೃದಯದ ತಪಾಸಣೆಗೆ ಕರೆದುಕೊಂಡು ಹೋಗಲು ಬಿಡುವುದಿಲ್ಲ, ಕಾರಿನ ಬಾಗಿಲು ಹಿಡಿದುಕೊಂಡು ರಂಪ ಮಾಡುತ್ತಾನೆ, ಎರಡು ಸಲ ತಪಾಸಣೆ ತಪ್ಪಿತು.’

ಇದನ್ನು ನೀವು ಹಠ ಎಂದು ಬರೆದಿದ್ದೀರಿ. ಮತ್ತೊಮ್ಮೆ ಓದಿ. ಅವನ ಮನೆಯಲ್ಲಿ ಒಬ್ಬರಿಗೆ ವಯಸ್ಸಾಯಿತು, ಕಾಯಿಲೆ ಬಂತು, ಊಟ ಸೇರದಾಯಿತು. ಮೈಸೂರಿನ ಡಾಕ್ಟರಿಗೆ ತೋರಿಸುತ್ತೇವೆ ಎಂದು ಅಪ್ಪ ಅಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೋದರು, ಕಾರು ಖಾಲಿ ವಾಪಸ್ ಬಂತು. ಈಗ ಅಜ್ಜಿಗೆ ವಯಸ್ಸಾಗಿದೆ, ಕಾಯಿಲೆ ಇದೆ, ಅದೇ ಕಾರು, ಅದೇ ಮೈಸೂರು. ಆ ಹುಡುಗ ಅಜ್ಜಿಯನ್ನು ಕಾಪಾಡುತ್ತಿದ್ದಾನೆ. ನಿಮ್ಮ ಮನೆಯಲ್ಲಿ ಮುದುಕರಾದವರನ್ನು, ಕಾಯಿಲೆಯವರನ್ನು ಎಲ್ಲೋ ಬಿಟ್ಟು ಬರುತ್ತಾರೆ ಎಂದು ಅವನು ತಿಳಿದಿದ್ದಾನೆ, ಅಥವಾ ಅದಕ್ಕಿಂತ ಘೋರವಾದದ್ದನ್ನು ಊಹಿಸಿದ್ದಾನೆ. ಒಂಬತ್ತು ವರ್ಷದ ಮಕ್ಕಳಿಗೆ ಸಾವೆಂದರೆ ಏನೆಂದು ಗೊತ್ತಿರುತ್ತದೆ. ಮೂರು ನಾಲ್ಕು ವರ್ಷದ ಮಗು ಸತ್ತವರು ಮರಳಿ ಬರುತ್ತಾರೆ ಎಂದು ನಂಬೀತು. ಈ ವಯಸ್ಸಿಗೆ ಆ ನಂಬಿಕೆ ಉಳಿದಿರುವುದಿಲ್ಲ. ಅವನು ಕೇಳುವುದನ್ನು ಬಿಟ್ಟದ್ದು ಮರೆತದ್ದರಿಂದ ಅಲ್ಲ. ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದ್ದರಿಂದ.

ಮಕ್ಕಳಿಗೆ ಸಾವನ್ನು ಮುಚ್ಚಿಡಬಾರದು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಹಿಂದೆ ಹಳ್ಳಿಯ ಮನೆಗಳಲ್ಲಿ ಕರು ಸತ್ತರೆ ಮಕ್ಕಳು ನೋಡುತ್ತಿದ್ದರು, ಅಜ್ಜ ಸತ್ತರೆ ಅಂಗಳದಲ್ಲೇ ಇರುತ್ತಿದ್ದರು, ಅಳುವವರ ಪಕ್ಕದಲ್ಲಿ ಕೂತು ಅಳುತ್ತಿದ್ದರು. ಈಗ ನಾವು ಅವರನ್ನು ಪಕ್ಕದ ಮನೆಗೆ ಕಳಿಸಿ ಮೊಬೈಲ್ ಕೊಡುತ್ತೇವೆ. ದುಃಖವೇನೂ ಅದರಿಂದ ತಪ್ಪುವುದಿಲ್ಲ, ಅದನ್ನು ಅವರು ಒಬ್ಬರೇ ಅನುಭವಿಸುವಂತಾಗುತ್ತದೆ, ಅಷ್ಟೆ.

ಇನ್ನು ನಿಮ್ಮ ಭಾವನವರು. ನಿಮ್ಮ ಮೇಲೆ ನನಗೆ ಅರ್ಧ ಕೋಪವಿದ್ದರೆ ಅವರ ಮೇಲೆ ಪೂರ್ತಿ ಇದೆ. ದುಃಖದ ಮನೆಗೆ ಬಂದು ಸುಳ್ಳೊಂದನ್ನು ಕೊಟ್ಟು ಹೋದರು, ಆ ಸುಳ್ಳಿಗೆ ಫೋನಿನಲ್ಲಿ ಕೈಕಾಲು ಬೆಳೆಸಿದರು, ಅದರ ಫಲವಾಗಿ ಅವರ ಹೆತ್ತ ತಾಯಿಗೇ ಎರಡು ಸಲ ಹೃದಯದ ತಪಾಸಣೆ ತಪ್ಪಿತು. ಇದನ್ನು ಅವರಿಗೆ ಯಾರಾದರೂ ಹೇಳಿದ್ದೀರಾ?

ಮತ್ತೆ ಆ ಮಾತು, ‘ಒಂದು ಬೀದಿ ನಾಯಿಗೆ ಇಷ್ಟೊಂದೇ.’ ನಿಮ್ಮದೇ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949–50ರ ಸುಮಾರಿಗೆ, ಅಲ್ಲೊಂದು ಕಲ್ಲು ನೆಟ್ಟರು. ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣ ಮೆಚ್ಚಿ, ಏನು ಬೇಕೋ ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ಚಲ್ಲೇಶ್ವರ ದೇಗುಲದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ದತ್ತಿ ಬಿಟ್ಟ, ಅಲ್ಲಿನ ಗೊರವ, ಎಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದು ಎಂದು ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾಯಿಯೂ ಹಂದಿಯೂ ಸೆಣಸುವ ಚಿತ್ರ ಅದರ ಮೇಲೆ ಈಗಲೂ ಕಾಣುತ್ತದೆ. ನಿಮ್ಮ ಸೀಮೆಯ ಜನ ನಾಯಿಗಾಗಿ ಅತ್ತದ್ದಕ್ಕೆ ಹತ್ತನೆಯ ಶತಮಾನದ ಶಾಸನವಿದೆ. ಅಳುವುದಕ್ಕೆ ಭಾವನವರ ಅಪ್ಪಣೆ ಬೇಕಿಲ್ಲ.

ಈಗ ಚುಚ್ಚುಮದ್ದಿನ ಮಾತು. ಸುಳ್ಳು ಸಮಾಧಾನ ನನ್ನಿಂದಾಗದು, ಆದ್ದರಿಂದ ಇದ್ದದ್ದನ್ನು ಹೇಳುತ್ತೇನೆ. ಮೂತ್ರಪಿಂಡದ ಈ ದೀರ್ಘಕಾಲದ ಕಾಯಿಲೆಯಲ್ಲಿ, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಷ ರಕ್ತದಲ್ಲಿ ಏರುವ ಹೊತ್ತಿಗೆ ಮೂತ್ರಪಿಂಡಗಳ ಶಕ್ತಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೋಗಿರುತ್ತದೆ. ಹೋದದ್ದು ಮತ್ತೆ ಬೆಳೆಯುವುದಿಲ್ಲ. ಬೇಸಿಗೆಯಲ್ಲೇ ಪರೀಕ್ಷೆ ಮಾಡಿಸಿದ್ದರೆ, ಆಹಾರ ಬದಲಿಸಿ ಒಂದಷ್ಟು ಕಾಲ ಹೆಚ್ಚು ಸಿಗಬಹುದಿತ್ತು. ಗುಣವಾಗುತ್ತಿರಲಿಲ್ಲ. ವಿಪರೀತ ಬಾಯಾರಿಕೆ ಈ ಕಾಯಿಲೆಯ ಮೊದಲ ಸುಳಿವುಗಳಲ್ಲಿ ಒಂದು; ಮಂಡ್ಯದ ಏಪ್ರಿಲ್ ತಿಂಗಳಲ್ಲಿ ಅದನ್ನು ಸೆಕೆ ಎಂದುಕೊಂಡದ್ದು ಅಪರಾಧವಲ್ಲ.

‘ಕೊನೆಗೆ ಅವನು ಕಣ್ಣು ಮುಚ್ಚಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದಂತಿತ್ತು’ ಎಂದು ಬರೆದಿದ್ದೀರಿ. ಈ ಒಂದು ವಾಕ್ಯ ನಿಮ್ಮ ನಿದ್ದೆ ಕೆಡಿಸಿದೆ ಎಂದು ಕಾಣುತ್ತದೆ. ಕೇಳಿ: ಸತ್ತ ನಾಯಿಯ ಕಣ್ಣು ಸಾಮಾನ್ಯವಾಗಿ ಮುಚ್ಚುವುದಿಲ್ಲ. ರೆಪ್ಪೆ ಮುಚ್ಚಲು ಸ್ನಾಯು ಬಿಗಿಯಾಗಬೇಕು, ಸಾವಿನಲ್ಲಿ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಕೆಲವು ಸಲ ಆಮೇಲೆ ಒಂದು ದೀರ್ಘ ಉಸಿರು ಬಂದಂತೆಯೂ ಆಗುತ್ತದೆ, ಅದೂ ದೇಹದ ಪ್ರತಿಕ್ರಿಯೆಯೇ. ಕೊಡುವ ಔಷಧಿ ಅರಿವಳಿಕೆಯದೇ, ಪ್ರಮಾಣ ಮಾತ್ರ ಬಹಳ ಹೆಚ್ಚು. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ನೀವು ಆ ಕಣ್ಣುಗಳನ್ನು ನೋಡುತ್ತಿದ್ದಾಗ ಅವುಗಳ ಹಿಂದೆ ಜಿಮ್ಮಿ ಇರಲಿಲ್ಲ. ಅವನ ಪ್ರಜ್ಞೆಗೆ ಕೊನೆಯದಾಗಿ ತಿಳಿದದ್ದು ತಲೆಯ ಮೇಲಿದ್ದ ನಿಮ್ಮ ಕೈ. ಎಷ್ಟೋ ಜನ ಆ ಕೋಣೆಯಿಂದ ಹೊರಗೆ ಹೋಗಿ ನಿಲ್ಲುತ್ತಾರೆ, ನೀವು ಹೋಗಲಿಲ್ಲ. ಬಾಯಿ ಹುಣ್ಣಾಗಿ ನೀರೂ ಇಳಿಯದ ಪ್ರಾಣಿಯನ್ನು ಇನ್ನೊಂದು ವಾರ ನರಳಿಸಿದ್ದರೆ ಆಗ ನಾನು ನಿಮಗೆ ಬೇರೆಯೇ ಉತ್ತರ ಬರೆಯುತ್ತಿದ್ದೆ.

‘ಯಜಮಾನರು ಒಂದು ಹನಿ ಕಣ್ಣೀರು ಹಾಕಲಿಲ್ಲ, ಮಾರನೆಯ ದಿನ ಬ್ಯಾಂಕಿಗೆ ಹೋದರು’ ಎಂದೂ ದೂರಿದ್ದೀರಿ. ಅದೇ ಪುಟದಲ್ಲಿ ಅವರು ಎದೆಯುದ್ದ ಗುಂಡಿ ತೋಡಿದರು, ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು ಎಂದಿದೆ. ಆ ಔಷಧಿ ಸತ್ತ ದೇಹದಲ್ಲಿ ಉಳಿದಿರುತ್ತದೆ, ನರಿಯೋ ನಾಯಿಯೋ ಕೆದರಿ ತಿಂದರೆ ಅವೂ ಸಾಯಬಹುದು, ಅದಕ್ಕೇ ಆಳವಾಗಿ ಹೂಳಬೇಕು. ಬ್ಯಾಂಕಿನ ಕೆಲಸದವರು ರಾತ್ರಿಯಲ್ಲಿ ಒಬ್ಬರೇ ಅಷ್ಟು ಆಳ ತೋಡಿದ್ದಾರೆ. ಅವರನ್ನು ದೂರಬೇಡಿ.

ಇನ್ನು ಆ ಮೂರು ಕಾಲಿನ ನಾಯಿ. ಖಂಡಿತ ತನ್ನಿ. ಮರಿಯೇ ಬೇಕೆನ್ನಬೇಡಿ, ಬೆಳೆದ ನಾಯಿಯನ್ನು ತನ್ನಿ ಎಂದು ಕೇಳಿದವರಿಗೆಲ್ಲ ಹೇಳುವವಳು ನಾನು. ಮರಿಗಳಿಗೆ ಮನೆ ಸಿಗುತ್ತದೆ, ದೊಡ್ಡ ನಾಯಿಗಳು ಆಶ್ರಯ ಕೇಂದ್ರಗಳಲ್ಲೇ ಮುದಿಯಾಗುತ್ತವೆ. ನಿಮ್ಮ ಅತ್ತೆಯವರ ಕಾಲಿಗೆ ತೊಡರುವ, ಸೀರೆ ಎಳೆಯುವ ಮರಿಗಿಂತ ಮನೆಯ ರೀತಿ ಗೊತ್ತಿರುವ ಆರು ವರ್ಷದ ನಾಯಿಯೇ ನಿಮ್ಮ ಮನೆಗೆ ಸರಿ. ಸಂತಾನಹರಣ ಚಿಕಿತ್ಸೆ ಆಗಿದೆಯೇ, ರೇಬೀಸ್ ಮತ್ತು ಡಿಸ್ಟೆಂಪರ್–ಪಾರ್ವೊ ಲಸಿಕೆಗಳು ಆಗಿವೆಯೇ ಎಂದು ಆ ಯುವತಿಯಿಂದ ಚೀಟಿ ಕೇಳಿ ಪಡೆಯಿರಿ. ನುಣುಪು ನೆಲದಲ್ಲಿ ಮೂರು ಕಾಲಿಗೆ ಹಿಡಿತ ಸಿಗುವುದಿಲ್ಲ, ಓಡಾಡುವ ಕಡೆ ಗೋಣಿಚೀಲವನ್ನೋ ರಬ್ಬರ್ ಚಾಪೆಯನ್ನೋ ಹಾಸಿ. ಮೈ ಬರದಂತೆ ನೋಡಿಕೊಳ್ಳಿ, ಉಳಿದ ಕಾಲುಗಳ ಮೇಲೆ ಭಾರ ಬೀಳುತ್ತದೆ. ಏಳು ತುಂಬಿದ ಮೇಲೆ ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಮೊದಲ ಕೆಲವು ದಿನ ಅದು ಮೂಲೆ ಬಿಟ್ಟು ಬರದಿರಬಹುದು. ನಿಮ್ಮದೆಂದು ಅದಕ್ಕೆ ಅನ್ನಿಸಲು ಎರಡು ಮೂರು ತಿಂಗಳು ಬೇಕಾದೀತು.

ಅದೂ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಮನೆಯಲ್ಲಿ ಬೆಳೆದ ನಾಟಿ ನಾಯಿ ಹನ್ನೆರಡು, ಹದಿಮೂರು ವರ್ಷ, ಕೆಲವು ಅದಕ್ಕೂ ಹೆಚ್ಚು ಬದುಕುತ್ತವೆ. ಹಾಗೆಂದರೆ ನಿಮ್ಮ ಮಗನ ಎಸ್ಎಸ್ಎಲ್‌ಸಿ ಹೊತ್ತಿಗೆ ನೀವು ಮತ್ತೆ ಇದೇ ದುಃಖದ ಎದುರು ನಿಲ್ಲುತ್ತೀರಿ. ಇದು ಗೊತ್ತಿದ್ದೇ ತರಬೇಕು. ಜಿಮ್ಮಿಯ ಜಾಗ ತುಂಬಲಿ ಎಂದು ತರುವುದಾದರೆ ಬೇಡ. ಅವಳು ಜಿಮ್ಮಿಯಂತೆ ಇಲ್ಲವೆಂದು ಪ್ರತಿದಿನ ನೊಂದುಕೊಳ್ಳುತ್ತೀರಿ. ಒಮ್ಮೆ ಮನೆ ಕಳೆದುಕೊಂಡ ಜೀವಕ್ಕೆ ಮನೆ ಬೇಕು, ನಿಮ್ಮಲ್ಲಿ ಮನೆ ಇದೆ. ಇದರಲ್ಲಿ ದ್ರೋಹ ಎಲ್ಲಿಂದ ಬಂತು?

ಆದರೆ ಈಗಲೇ ತರಬೇಡಿ. ಮಗನಿಗೆ ನಿಜ ಹೇಳುವವರೆಗೆ ಆ ಮನೆಗೆ ಇನ್ನೊಂದು ನಾಯಿ ಬರಕೂಡದು. ಹಳೆಯದು ಕಾಯಿಲೆ ಬಿದ್ದರೆ ಹೊಸದು ತರುತ್ತಾರೆ ಎಂದು ಅವನು ಕಲಿತುಬಿಡುತ್ತಾನೆ. ನಿಮಗೆ ನಾನು ಹೇಳುವುದು ಇದೊಂದೇ: ಈ ಭಾನುವಾರ ಹೇಳಿ. ಗಂಡ ಹೆಂಡತಿ ಇಬ್ಬರೂ ಕೂತು ಹೇಳಿ. ಭಾವನವರು ಅಲ್ಲಿರುವುದು ಬೇಡ.

‘ಜಿಮ್ಮಿ ಸತ್ತುಹೋದ. ಅವನ ಮೂತ್ರಪಿಂಡ ಕೆಟ್ಟಿತ್ತು, ಡಾಕ್ಟರಿಗೆ ಗುಣಪಡಿಸಲು ಆಗಲಿಲ್ಲ. ತುಂಬ ನೋವಿತ್ತು, ನೋವಿಲ್ಲದೆ ಸಾಯಲು ಅವರು ಔಷಧಿ ಕೊಟ್ಟರು. ನಾವು ಪಕ್ಕದಲ್ಲೇ ಇದ್ದೆವು. ನಿನಗೆ ಸುಳ್ಳು ಹೇಳಿದೆವು, ತಪ್ಪಾಯಿತು.’ ಇಷ್ಟು ಸಾಕು. ನಿದ್ದೆ ಮಾಡಿಸಿದರು ಎನ್ನಬೇಡಿ, ಆಮೇಲೆ ಅವನು ರಾತ್ರಿ ಮಲಗಲು ಹೆದರುತ್ತಾನೆ. ಅವನು ಕೇಳಲಿ, ಕೇಳದಿರಲಿ, ಇನ್ನೊಂದು ಮಾತನ್ನು ತಪ್ಪದೆ ಹೇಳಿ: ಆ ಔಷಧಿಯನ್ನು ಅಜ್ಜಿಗೆ ಯಾರೂ ಕೊಡುವುದಿಲ್ಲ, ಅಜ್ಜಿ ಹೋಗುವುದು ಪರೀಕ್ಷೆಗೆ, ಅದೇ ಸಂಜೆ ಮನೆಗೆ ಬರುತ್ತಾರೆ. ಅಜ್ಜಿ ಸಾಯುವುದೇ ಇಲ್ಲ ಎಂದು ಮಾತ್ರ ಮಾತು ಕೊಡಬೇಡಿ. ಅವನು ಕೂಗಾಡಿದರೆ, ನಿಮ್ಮನ್ನು ಹೊಡೆದರೆ, ಸುಮ್ಮನಿರಿ. ಜಿಮ್ಮಿಯನ್ನು ಹೂಳಿದ ತೋಟಕ್ಕೆ ಹೋಗಬೇಕು ಎಂದರೆ ಅವನ ಅಪ್ಪ ಕರೆದುಕೊಂಡು ಹೋಗಿ ಗುಂಡಿ ತೋಡಿದ ಜಾಗವನ್ನು ತೋರಿಸಲಿ. ಅಲ್ಲಿ ತಂದೆ ಮಗ ಇಬ್ಬರೇ ಇರಲಿ.

ಅತ್ತೆಯವರ ತಪಾಸಣೆಗೆ ಅದೇ ವಾರ ದಿನ ಗೊತ್ತು ಮಾಡಿ. ಶಾಲೆಗೆ ಒಂದು ದಿನ ರಜೆ ಹಾಕಿಸಿ ಹುಡುಗನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಅಜ್ಜಿಯ ಜೊತೆಗೇ ವಾಪಸ್ ಕರೆದುಕೊಂಡು ಬನ್ನಿ. ಮೈಸೂರಿನ ಯುವತಿಗೆ ಇವತ್ತೇ ಫೋನ್ ಮಾಡಿ ಒಂದು ತಿಂಗಳ ಸಮಯ ಕೇಳಿ, ಅಲ್ಲಿಯವರೆಗಿನ ಊಟದ ಖರ್ಚು ನಮ್ಮದು ಎನ್ನಿ. ನಾಯಿಯನ್ನು ನೋಡಲು ಹೋಗುವ ದಿನ ಮಗ ಬರುತ್ತೇನೆಂದರೆ ಬರಲಿ, ಬೇಡವೆಂದರೆ ಒತ್ತಾಯ ಮಾಡಬೇಡಿ.