ಅಡಗಿ ಮರಳುವ ಗಜಕರ್ಣ

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಭತ್ತದ ರೈತ. ತೊಡೆಸಂದಿನಲ್ಲಿ ಉಂಗುರದಂತೆ ಕೆಂಪು ಗಂದೆ ಎದ್ದು ತುರಿಸುತ್ತದೆ. ಔಷಧದಂಗಡಿಯ ಮುಲಾಮು ಹಚ್ಚಿದರೆ ನಾಲ್ಕು ದಿನದಲ್ಲಿ ಅಡಗಿ, ಬಿಟ್ಟೊಡನೆ ಮರಳುತ್ತದೆ. ರಕ್ತ ಕೆಟ್ಟಿದೆಯೇ?

ಉತ್ತರ: ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರದ ಸೋಂಕು, ಅಂದರೆ ಗಜಕರ್ಣ ಇರುವ ಸಾಧ್ಯತೆಯೇ ಹೆಚ್ಚು. ಯಾದಗಿರಿಯ ಬಿಸಿಲಿಗೆ ಬೆವೆತು, ಗದ್ದೆಯಲ್ಲಿ ನೆನೆದ ಬಟ್ಟೆಯನ್ನು ಸಂಜೆಯವರೆಗೆ ತೊಟ್ಟಿರುವುದು ಅದಕ್ಕೆ ಅನುಕೂಲ. ಆದರೆ ನನ್ನ ಅನುಮಾನ ಮುಲಾಮಿನ ಮೇಲೆಯೇ. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತುರಿಕೆಯನ್ನಷ್ಟೇ ಅಡಗಿಸಿ, ಶಿಲೀಂಧ್ರ ಒಳಗೊಳಗೇ ಹರಡಲು ಬಿಡುತ್ತದೆ. ಅದನ್ನು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಿ. ಅವರು ಕೊಡುವ ಶಿಲೀಂಧ್ರನಾಶಕವನ್ನು ಗಂದೆಯ ಅಂಚಿನಾಚೆ 2 ಸೆಂ.ಮೀ. ವರೆಗೂ ಹಚ್ಚಿ, ಗಂದೆ ಮಾಯವಾಯಿತೆಂದು ನಡುವೆ ಬಿಡಬೇಡಿ. ಒಂದೇ ಟವೆಲ್ ಬಳಸುವ ಮನೆಮಂದಿಯನ್ನೂ ಪರೀಕ್ಷಿಸಬೇಕಾದೀತು.